ಅಕ್ಕುತಾಯಿಯ ಬೇಸಿಗೆ ಸೂಟಿ

ಅಕ್ಕುತಾಯಿಯವರನ್ನು ನಾನು ಮೊದಲು ನೋಡಿದ್ದು 1990ರ ಮೇ ತಿಂಗಳ ಮೊದಲ ವಾರದಲ್ಲಿ, ಸಂಜೆ ಐದು ಗಂಟೆಯ ಸುಮಾರಿಗೆ. ಮರುವರ್ಷದ ಜನಗಣತಿಗಾಗಿ ಮನೆಗಳ ಪಟ್ಟಿ ಮಾಡುವ ಕೆಲಸವನ್ನು ನಮ್ಮಂಥ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಹಚ್ಚಿದ್ದರು. ನನ್ನ ಪಾಲಿಗೆ ಬಂದದ್ದು ಶೇಡಬಾಳದ ತೋಟದ ಮನೆಗಳು. ಊರೊಳಗಿನ ಮನೆಗಳಾದರೆ ಒಂದರ ಗೋಡೆಗೆ ಇನ್ನೊಂದು ಹತ್ತಿಕೊಂಡಿರುತ್ತವೆ. ತೋಟದಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಬದುವಿನ ಮೇಲೆ ಅರ್ಧ ಮೈಲಿ ಸೈಕಲ್ಲು ತಳ್ಳಬೇಕು. ಒಂದು ಕೈಯಲ್ಲಿ ಪಟ್ಟಿಯ ಹಾಳೆಗಳು, ಇನ್ನೊಂದರಲ್ಲಿ ಬಾಗಿಲ ಮೇಲೆ ನಂಬರು ಬರೆಯುವ ಕೆಮ್ಮಣ್ಣಿನ ಡಬ್ಬಿ. ಅಂಗಳದ ಬೇವಿನ ಗಿಡಕ್ಕೆ ಸೈಕಲ್ಲು ಒರಗಿಸಿ ಎರಡು ಹೆಜ್ಜೆ ಇಟ್ಟಿದ್ದೆ ಅಷ್ಟೆ.

"ಅಲ್ಲೇ ನಿಂದರ್ರಿ" ಎಂದಿತು ಒಳಗಿನಿಂದ ಒಂದು ದನಿ. "ಕಾಲಬುಡಕ ಇರಿವಿ ಸಾಲ ಹೊಂಟೈತಿ. ನೋಡಿ ದಾಟ್ರಿ."

ಬಗ್ಗಿ ನೋಡಿದೆ. ನಿಜವಾಗಿಯೂ ಇರುವೆಗಳ ಸಾಲು ಇತ್ತು. ದೊಡ್ಡ ಹಳ್ಳ ದಾಟುವವನ ಹಾಗೆ ಕಾಲು ಅಗಲಿಸಿ ದಾಟಿದೆ. ಬಾಗಿಲಲ್ಲಿ ಮೂವತ್ತೈದು ಮೂವತ್ತಾರು ವಯಸ್ಸಿನ, ತೆಳ್ಳಗೆ ಎತ್ತರದ ಹೆಂಗಸು ನಿಂತಿದ್ದರು. ಬೂದು ಬಣ್ಣದ ಸೀರೆ, ಮೊಣಕೈವರೆಗೆ ಹಿಟ್ಟು, ಹಣೆಯಲ್ಲಿ ಕುಂಕುಮವಿಲ್ಲ.

"ಯಾರ ಬೇಕಾಗಿತ್ರಿ?"

"ಮನಿ ಬರಕೊಳ್ಳಾಕ ಬಂದೇನ್ರಿ ಅಕ್ಕಾರ. ಸರ್ಕಾರದ ಕೆಲಸ."

"ಬರಕೊಂಡ ಎಲ್ಲಿಗಿ ಒಯ್ತಾರ್ರಿ ಮನಿ?" ಎಂದರು, ಮುಖದಲ್ಲಿ ನಗು ತೋರಿಸದೆ. "ಕುಂದರ್ರಿ. ರೊಟ್ಟಿ ಹಂಚಿನ ಮ್ಯಾಲ ಐತಿ."

ಕಟ್ಟೆಯ ಮೇಲೆ ಕುಳಿತೆ. ಮನೆ ಸಣ್ಣದು, ಎರಡೇ ಖೋಲಿ. ನೀರಿನ ಕೊಡದ ಬಾಯಿಗೆ ಬಿಳಿ ಸೋಸುವ ಬಟ್ಟೆ ಕಟ್ಟಿತ್ತು. ಒಲೆಯ ಪಕ್ಕದ ಬುಟ್ಟಿಯಲ್ಲಿ ರೊಟ್ಟಿಗಳ ಗುಡ್ಡೆ. ಮನೆಯಲ್ಲಿ ಬೇರೆ ಯಾರೂ ಕಾಣಲಿಲ್ಲ.

ಅವರು ಹೊರಗೆ ಬಂದ ಮೇಲೆ ಪಟ್ಟಿಯ ಪ್ರಶ್ನೆಗಳನ್ನು ಕೇಳಿದೆ. ಗೋಡೆ ಮಣ್ಣಿನದು, ಮಾಡು ಹೆಂಚಿನದು. ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದಾಗ ತಡವಿಲ್ಲದೆ, "ಇಬ್ಬರು ಬರೀರಿ" ಅಂದರು.

"ಇನ್ನೊಬ್ಬರು ಎಲ್ಲ್ಯದಾರ್ರಿ?"

"ಬರಾಕತ್ತಾಳ. ಗಾಡಿ ಈಗ ಮಿರಜ ಬಿಟ್ಟಿರಬೇಕು."

ಸೂಟಿಗೆ ಬರುವವರನ್ನು ಬರೆಯುವ ಹಾಗಿಲ್ಲ, ಆ ಮನೆಗೆ ಸೇರಿದವರನ್ನು ಮಾತ್ರ ಬರೆಯಬೇಕು ಎಂದು ನಿಯಮ ಹೇಳಿದೆ. ನಾನು ಹೊಸಬ. ನಿಯಮವನ್ನು ಬಿಡುವ ಧೈರ್ಯ ನನಗಿರಲಿಲ್ಲ.

"ಹಂಗಾದ್ರ ಒಂದ ಬರೀರಿ" ಎಂದು, ನಾನು ಬರೆದು ಮುಗಿಸುವವರೆಗೂ ನನ್ನ ಪೆನ್ನನ್ನೇ ನೋಡುತ್ತ ನಿಂತರು.

ಬರಬೇಕಾಗಿದ್ದವಳು ಮಂಗಲ, ಅಕ್ಕುತಾಯಿಯವರ ತಂಗಿಯ ಮಗಳು. ತಂಗಿ ಸತ್ತಾಗ ಕೂಸಿಗೆ ಎಂಟು ತಿಂಗಳು. ಅಷ್ಟರಲ್ಲಿ ಅಕ್ಕುತಾಯಿಯವರೂ ಗಂಡನನ್ನು ಕಳೆದುಕೊಂಡು ತವರಿನ ಪಾಲಾಗಿ ಬಂದ ಈ ತೋಟದ ಮನೆ ಸೇರಿದ್ದರು. ಏಳು ವರ್ಷ ಕೂಸು ಅವರ ಸೆರಗಿನಲ್ಲೇ ಬೆಳೆಯಿತು. ಆಮೇಲೆ ಅದರ ತಂದೆ ಬಾಪುಸಾಹೇಬ ಎರಡನೆಯ ಲಗ್ನವಾಗಿ, ಮಗಳು ಮರಾಠಿ ಶಾಲೆ ಕಲಿಯಲಿ ಎಂದು ಮಿರಜ ಕಡೆಯ ತನ್ನ ಊರಿಗೆ ಕರೆದುಕೊಂಡು ಹೋದ. ಪ್ರತಿ ಬೇಸಿಗೆ ಸೂಟಿಗೆ ಕಳಿಸುತ್ತೇನೆ ಎಂದು ಮಾತು ಕೊಟ್ಟಿದ್ದ, ಕಳಿಸುತ್ತಲೂ ಇದ್ದ. ಅವನನ್ನು ಅಕ್ಕುತಾಯಿಯವರು ಒಮ್ಮೆಯೂ ಬೈದದ್ದನ್ನು ನಾನು ಕೇಳಿಲ್ಲ.

ಕೂಸು ಹೋದ ವರ್ಷವೇ ಅವರು ಊರಿನ ಜೈನ ಬೋರ್ಡಿಂಗಿನಲ್ಲಿ ಅಡುಗೆಗೆ ನಿಂತರು. ಅರವತ್ತು ಹುಡುಗರ ಅಡುಗೆ, ವಾಸವೂ ಅಲ್ಲೇ. ಏಪ್ರಿಲ್ ಹತ್ತಕ್ಕೆ ನಮ್ಮ ಶಾಲೆಗಳಿಗೆ ಸೂಟಿ ಬಿಟ್ಟರೆ ಬೋರ್ಡಿಂಗಿನ ಬಾಗಿಲು ಮುಚ್ಚುತ್ತದೆ, ಹುಡುಗರೆಲ್ಲ ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ಆದರೆ ಮಹಾರಾಷ್ಟ್ರದ ಶಾಲೆಗಳಿಗೆ ಸೂಟಿ ಬಿಡುವುದು ಮೇ ತಿಂಗಳಿಗೆ. ಗಡಿಯ ಈ ಕಡೆಯವರಿಗೆ ಸೂಟಿ ಇದ್ದಾಗ ಆ ಕಡೆಯವರಿಗೆ ಪರೀಕ್ಷೆ. ಹೀಗಾಗಿ ಮೊದಲ ಇಪ್ಪತ್ತು ದಿನ ಅಕ್ಕುತಾಯಿಯವರು ಒಬ್ಬರೇ ದಾರಿ ಕಾಯಬೇಕು. ಮೇ ಕೊನೆಗೆ ಮಂಗಲಳ ಸೂಟಿ ಇನ್ನೂ ಹದಿನೈದು ದಿನ ಉಳಿದಿರುವಾಗಲೇ ಇವರು ಬೋರ್ಡಿಂಗಿಗೆ ಹೋಗಬೇಕು. ಇಬ್ಬರಿಗೂ ಕೂಡಿ ಸಿಗುವುದು ಮೇ ತಿಂಗಳೊಂದೇ. ಅವರ ವರ್ಷವೆಂದರೆ ಆ ಒಂದು ತಿಂಗಳು.

ಆ ಸಂಜೆ ನನ್ನನ್ನು ಊಟಕ್ಕೆ ಕರೆದಾಗ ಗಂಟೆ ಐದೂವರೆ. ಇಷ್ಟು ಬೇಗ ಬೇಡವೆಂದೆ.

"ಬ್ಯಾಡ ಅಂದ್ರ ಆಮ್ಯಾಲ ಸಿಗೂದಿಲ್ರಿ. ಹೊತ್ತ ಮುಣಗಿದ ಮ್ಯಾಲ ಈ ಮನ್ಯಾಗ ಒಲಿ ಇರೂದಿಲ್ಲ."

ಜೈನರ ಮನೆಗಳಲ್ಲಿ ಸೂರ್ಯ ಮುಳುಗುವುದರೊಳಗೆ ಉಣ್ಣುತ್ತಾರೆ ಎನ್ನುವುದು ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಅಕ್ಕುತಾಯಿಯವರದು ಅದಕ್ಕಿಂತ ಗಟ್ಟಿಯಾದ ನೇಮ. ಮೂರು ವರ್ಷದ ಹಿಂದೆ ಚಾತುರ್ಮಾಸದಲ್ಲಿ ಮುನಿ ಮಹಾರಾಜರ ಎದುರು ಕೈಮುಗಿದು, ಹೊತ್ತು ಮುಳುಗಿದ ಮೇಲೆ ತಾನು ತಿನ್ನುವುದಿಲ್ಲ, ಯಾರಿಗೂ ತಿನ್ನಿಸುವುದೂ ಇಲ್ಲ ಎಂದು ನೇಮ ತೆಗೆದುಕೊಂಡಿದ್ದರು. ಬೋರ್ಡಿಂಗಿನಲ್ಲಿ ಅದರಿಂದ ಏನೂ ತೊಂದರೆಯಾಗಲಿಲ್ಲ. ಅಲ್ಲಿ ಅರವತ್ತು ಹುಡುಗರೂ ಐದೂವರೆಗೇ ತಾಟು ಹಿಡಿದು ಕೂಡುತ್ತಾರೆ.

ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮಾವಿನ ಶೀಕರಣಿ ಬಡಿಸಿದರು. ಅಷ್ಟರಲ್ಲಿ ಪಕ್ಕದ ತೋಟದ ಲಗಮಣ್ಣ ಸೈಕಲ್ಲು ಹಿಡಿದು ಬಂದ. ಸ್ಟೇಶನ್ನಿಗೆ ಹೋಗಿ ಮಂಗಲಳನ್ನು ಕರೆತರುವುದು ಪ್ರತಿವರ್ಷ ಅವನ ಕೆಲಸ. ಪಟ್ಟಿಯ ಕೆಲಸದ ಹತ್ತು ದಿನ ನಾನು ಉಳಿದುಕೊಂಡಿದ್ದೂ ಅವನ ಮನೆಯಲ್ಲೇ.

"ಎಷ್ಟ ರೊಟ್ಟಿ ಮಾಡೀದಿ ಅಕ್ಕಾ?" ಎಂದು ಬುಟ್ಟಿ ನೋಡಿದ.

"ಎಣಿಸಿಲ್ಲಪಾ. ಕೈ ನಿಂದರವಲ್ದು."

"ಅರವತ್ತ ಮಂದಿ ಹೊಟ್ಟಿ ನೋಡಿದ ಕೈ ಅದು, ಎಲ್ಲಿ ನಿಂದರತೈತಿ. ಮಾಸ್ತರ್, ಅಕ್ಕ ಸೂಟಿಗಿ ಬಂದ್ರ ನಮ್ಮ ಎಮ್ಮಿಗೂ ಹಬ್ಬರಿ. ಮೈ ತುಂಬಕೊಂಡ ಬಿಡತಾವ."

"ಎಮ್ಮಿ ಮೈ ತುಂಬತಾವ, ನೀ ಒಣಾ ಕಟಿಗಿ. ಹೋಗ, ಗಾಡಿ ಬರೂ ಹೊತ್ತಾತು."

ಐದೂಮುಕ್ಕಾಲಿನ ಗಾಡಿ ಐದೂಮುಕ್ಕಾಲಿಗೆ ಬರಲಿಲ್ಲ. ಆರಕ್ಕೂ ಬರಲಿಲ್ಲ. ಆರೂಕಾಲಿಗೆ ಅವರು ಎರಡು ತಾಟು ತೊಳೆದು ಜೋಡಿಸಿ ಇಟ್ಟರು. ತಮ್ಮ ಊಟವನ್ನು ತಡೆಹಿಡಿದಿದ್ದರು, ಅವಳ ಜೊತೆಗೇ ಉಣ್ಣಬೇಕು ಅಂತ. ಆರೂವರೆಗೆ ಅಂಗಳಕ್ಕೆ ಬಂದು ಸ್ಟೇಶನ್ನಿನ ಕಡೆ ಕಿವಿಕೊಟ್ಟು ನಿಂತರು. ಕಡಿದು ಸಾಗಿಸಿದ ಕಬ್ಬಿನ ತೋಟದಲ್ಲಿ ಒಣ ಗರಿಯ ರವದಿ ಹಾಸಿಕೊಂಡಿತ್ತು, ಅದರಾಚೆ ಸೂರ್ಯ ಕೆಂಪಗಾಗಿ ಇಳಿಯುತ್ತಿದ್ದ. "ಇನ್ನೂ ಐತಿ, ಇನ್ನೂ ಐತಿ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಒಂದು ತುತ್ತು ನೀವಾದರೂ ಉಣ್ಣಿ ಅಂದೆ. ಅವರು ಬದುವಿನವರೆಗೆ ಹೋಗಿ ನೋಡಿ ಬಂದರು. ಸೂರ್ಯ ಪೂರ್ತಿ ಮುಳುಗಿದ ಮೇಲೆ ಒಳಗೆ ಹೋಗಿ ಒಲೆಯ ಬೆಂಕಿಯನ್ನು ನಂದಿಸಿದರು, ಅಡುಗೆ ಮುಚ್ಚಿಟ್ಟರು, ಎರಡೂ ತಾಟುಗಳನ್ನು ಬೋರಲು ಹಾಕಿದರು. ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ.

ಗಾಡಿ ಕೂಗಿದ್ದು ಏಳು ಗಂಟೆ ದಾಟಿದ ಮೇಲೆ. ಏಳೂವರೆಗೆ ಲಗಮಣ್ಣನ ಸೈಕಲ್ಲಿನ ಹಿಂದೆ ಕುಳಿತು ಮಂಗಲ ಬಂದಳು. ಹನ್ನೆರಡು ವರ್ಷದ ಹುಡುಗಿ. ಎರಡು ಜಡೆ, ಕೈಯಲ್ಲಿ ಬಟ್ಟೆಯ ಚೀಲ, ಧೂಳು ತುಂಬಿದ ಮುಖ. ಅಕ್ಕುತಾಯಿಯವರ ಸೊಂಟ ಹಿಡಿದುಕೊಂಡು ಮರಾಠಿಯಲ್ಲೇ ಹೇಳಿದಳು.

"ಮಾವಶಿ, ಖೂಪ ಭೂಕ ಲಾಗಲಿ."

ದೊಡ್ಡವ್ವ, ಬಹಳ ಹಸಿವೆ ಎಂದು. ಮಧ್ಯಾಹ್ನದಿಂದ ಮಿರಜ ಸ್ಟೇಶನ್ನಿನಲ್ಲಿ ಕಾದಿದ್ದಳು, ಗಾಡಿಯಲ್ಲಿ ನಿಂತೇ ಬಂದಿದ್ದಳು.

ಅಕ್ಕುತಾಯಿಯವರು ಅವಳ ತಲೆಯ ಮೇಲೆ ಇಟ್ಟ ಕೈಯನ್ನು ತೆಗೆಯದೆ ನಿಂತುಬಿಟ್ಟರು. ಲಗಮಣ್ಣನ ಹಿಂದೆ ಅವನ ಹೆಂಡತಿ ಚನ್ನವ್ವನೂ ಬಂದಿದ್ದಳು. ಅವಳಿಗೆ ನೇಮ ಗೊತ್ತು.

"ಕೂಸನ್ನ ನಮ್ಮ ಮನಿಗಿ ಕಳಸ ಅಕ್ಕಾ. ಬಿಸಿ ಅನ್ನ ಐತಿ. ಉಂಡ ಬರತಾಳ."

"ಹನ್ನೊಂದ ತಿಂಗಳ ಮಂದಿ ಕೈಲೆ ಉಂಡಾಳ. ಇವತ್ತೂ ಮಂದಿ ಮನಿಗಿ ಕಳಸಲ್ಯಾ?"

"ನಾ ಮಂದಿ ಏನ ನಿನಗ?"

"ನಿನಗಲ್ಲ ಚನ್ನವ್ವ ಅಂದದ್ದು. ಸುಮ್ನಿರು."

ಮುಂದೆ ಅವರು ಮಾಡಿದ್ದನ್ನು ನಾನು ಕಟ್ಟೆಯ ಮೇಲಿನಿಂದ ನೋಡಿದೆ. ಕೂಸಿಗೆ ಆರಿದ ರೊಟ್ಟಿ ಹಾಕಲಾರದೆ ಕಂದೀಲು ಹಚ್ಚಿದರು. ಒಲೆಯನ್ನು ಮೆತ್ತನೆಯ ಬಾರಿಗೆಯಿಂದ ಗುಡಿಸಿದರು. ಒಂದೊಂದು ಕಟ್ಟಿಗೆಯನ್ನೂ ಬೆಳಕಿಗೆ ಹಿಡಿದು, ಹುಳ ಇದ್ದರೆ ಉದುರಲೆಂದು ತಟ್ಟಿ, ಒಲೆಗೆ ಹಾಕಿದರು. ಹಾಲು ಕಾಯಿಸಿ ಶ್ಯಾವಿಗೆ ಬಸಿದು ಬೆಲ್ಲ ಹಾಕಿ ಅವಳ ಮುಂದಿಟ್ಟರು. ಮಂಗಲ ಉಣ್ಣುತ್ತ ಪರೀಕ್ಷೆಯ ಸುದ್ದಿ, ಗೆಳತಿಯ ಸುದ್ದಿ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹೇಳಿದಳು. ನಡುವೆ ಕೇಳಿದಳು, "ಮಾವಶಿ, ನೀ ಉಣ್ಣೂದಿಲ್ಲ?"

"ನಂದ ಆಗೇತಿ ನನ್ನ ಕೂಸ. ನೀ ಉಣ್ಣು."

ನಾನು ತಲೆ ತಗ್ಗಿಸಿದೆ. ಚನ್ನವ್ವ ಮನೆಗೆ ಹೋಗಿಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಅಕ್ಕುತಾಯಿಯವರು ಊರಿನ ಜೈನ ಬಸ್ತಿಗೆ ಹೋದರು. ಆಗ ಅಲ್ಲಿ ಇಳಿದುಕೊಂಡಿದ್ದ ಮಹಾರಾಜರ ಮುಂದೆ, ನೇಮ ಮುರಿದೆ ಎಂದು ಹೇಳಿಕೊಂಡರು. ಮಹಾರಾಜರು ಕೋಪಿಸಿಕೊಳ್ಳಲಿಲ್ಲವಂತೆ. ದಿನ ಬಿಟ್ಟು ದಿನ ಮೂರು ಉಪವಾಸ ಮಾಡಲು ಹೇಳಿದರಂತೆ. ಉಪವಾಸವೆಂದರೆ ನೀರೂ ಇಲ್ಲ. ಮೇ ತಿಂಗಳ ಬಿಸಿಲು. ಮಂಗಲ ಕೇಳಿದ್ದಕ್ಕೆ ಇವತ್ತು ಅಷ್ಟಮಿಯ ಉಪವಾಸ ಎಂದು ಹೇಳಿ ಸುಮ್ಮನಾಗಿಸಿದರು.

ಎರಡನೆಯ ಉಪವಾಸದ ದಿನ ಅಂಗಳದಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದರು. ಮಂಗಲ ಎದುರಿಗೆ ಕುಳಿತು ಎಳೆಗಳನ್ನು ಹಗ್ಗದ ಮೇಲೆ ಹರವುತ್ತಿದ್ದಳು. ಅಕ್ಕುತಾಯಿಯವರು ಮಣೆಯ ಮೇಲೇ ಮುಂದಕ್ಕೆ ಬಾಗಿ ಬಿದ್ದರು. ಹುಡುಗಿ ಚೀರಿದ್ದು ನಮಗೆ ಪಕ್ಕದ ತೋಟಕ್ಕೆ ಕೇಳಿಸಿತು. ಓಡಿ ಬಂದೆವು. ಮುಖಕ್ಕೆ ನೀರು ಚಿಮುಕಿಸಿದಾಗ ಎಚ್ಚರವಾಯಿತು. ಚನ್ನವ್ವ ಚೊಂಬು ಬಾಯಿಗೆ ಹಿಡಿದರೆ ತುಟಿ ಬಿಗಿಹಿಡಿದರು.

ಚನ್ನವ್ವನಿಗೆ ಸಿಟ್ಟು ತಡೆಯಲಾಗಲಿಲ್ಲ. "ಕುಡೀಬೇ ಒಂದ ಗುಟುಕ. ಹಸದ ಬಂದ ಕೂಸಿಗಿ ಒಂದ ಬಟ್ಟಲ ಶ್ಯಾವಿಗಿ ಹಾಕೀದಿ. ಅದಕ್ಕ ಮೂರ ದಿನ ಸಾಯಬೇಕೇನ? ನಮ್ಮ ಮನಿಗಿ ಕಳಸಿದ್ರ ಇದೇನ ಇರತಿದ್ದಿಲ್ಲ."

ಮಂಗಲ ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ನಿಂತಿದ್ದಳು. ಚನ್ನವ್ವನ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗಿತ್ತು.

ಆಮೇಲೆ ಅವಳು ಸಂಜೆ ಐದಕ್ಕೇ ತಾನಾಗಿ ತಾಟು ಹಾಕಿಕೊಂಡು ಕುಳಿತು, ಬೇಗ ಬೇಗ ಉಂಡು, ತಾಟು ತೊಳೆದಿಡುತ್ತಿದ್ದಳು. ಕತ್ತಲಾದ ಮೇಲೆ ನೀರು ಕೇಳುತ್ತಿರಲಿಲ್ಲ. ಎಂಟನೆಯ ದಿನ ಊರಿಗೆ ಹೋಗುತ್ತೇನೆ ಎಂದಳು. ಯಾಕೆ ಎಂದರೆ ಹೊಟ್ಟೆ ನೋವು ಅಂದಳು. ಲಗಮಣ್ಣ ಅವಳನ್ನು ಬೆಳಗಿನ ಗಾಡಿಗೆ ಮಿರಜದವರೆಗೆ ಬಿಟ್ಟುಬಂದ. ಮೇ ತಿಂಗಳಲ್ಲಿ ಇನ್ನೂ ಹದಿನೆಂಟು ದಿನ ಉಳಿದಿದ್ದವು.

ಮರುವರ್ಷ ನನಗೆ ಶೇಡಬಾಳಕ್ಕೇ ವರ್ಗವಾಯಿತು. 1991ರ ಏಪ್ರಿಲ್ ಕೊನೆಗೆ ಅಕ್ಕುತಾಯಿಯವರು ಒಂದು ಕಾರ್ಡು ಹಿಡಿದುಕೊಂಡು ನನ್ನ ಖೋಲಿಗೆ ಬಂದರು. ಅವರಿಗೆ ಓದಲು ಬರುತ್ತಿರಲಿಲ್ಲ, ಕಾರ್ಡು ಮರಾಠಿಯಲ್ಲಿತ್ತು. ಯಾವ ದಿನದ ಗಾಡಿಗೆ ಬರುತ್ತಾಳೆ ಎಂದು ಬರೆದಿರಬೇಕು, ನೋಡಿ ಹೇಳಿ ಎಂದರು. ನಾನು ಮೊದಲು ಮನಸ್ಸಿನಲ್ಲಿ ಓದಿಕೊಂಡೆ, ಆಮೇಲೆ ಕನ್ನಡದಲ್ಲಿ ಹೇಳಿದೆ.

"ಮಾವಶಿಗೆ ನಮಸ್ಕಾರ. ನಾನು ಆರಾಮ ಇದ್ದೇನೆ. ಈ ಸೂಟಿಗೆ ನಾನು ಬರುವುದಿಲ್ಲ. ನಾನು ಬಂದರೆ ನಿನಗೆ ಉಪವಾಸ ಬೀಳುತ್ತದೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು."

"ಇನ್ನೊಮ್ಮಿ ಓದ್ರಿ."

ಇನ್ನೊಮ್ಮೆ ಓದಿದೆ. ಕಾರ್ಡನ್ನು ಇಸಿದುಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸಿ, ಸೆರಗಿನಲ್ಲಿ ಕಟ್ಟಿಕೊಂಡರು. "ಸಂಜೀಗಿ ಬರ್ರಿ ಮಾಸ್ತರ, ಉತ್ತರ ಬರಸೂನು" ಎಂದು ಹೋದರು.

ಆ ಸಂಜೆ ನಾನು ತೋಟಕ್ಕೆ ಹೋದಾಗ ಅವರ ಊಟವಾಗಿತ್ತು. ಬುಟ್ಟಿಯಲ್ಲಿ ರೊಟ್ಟಿ ಬಹಳ ಉಳಿದಿದ್ದವು. ಇನ್ನೂ ಆರು ಗಂಟೆ. ಬೇಸಿಗೆಯಲ್ಲಿ ಆರು ಗಂಟೆಯೆಂದರೆ ಬೆಳಕು ಬೇಕಾದಷ್ಟು ಇರುತ್ತದೆ. ಬೇರೆಯವರ ಮನೆಗಳಲ್ಲಿ ಆಗ ಒಲೆ ಹೊತ್ತಿಸುತ್ತಾರೆ, ಮಕ್ಕಳನ್ನು ಕೂಗುತ್ತಾರೆ, ಚಹಾ ಕುದಿಯುತ್ತದೆ. ಅಕ್ಕುತಾಯಿಯವರ ಮನೆಯಲ್ಲಿ ಆ ಹೊತ್ತಿಗೆ ದಿನದ ಎಲ್ಲ ಕೆಲಸವೂ ಮುಗಿದುಹೋಗಿರುತ್ತದೆ. ಒಲೆ ಸಾರಿಸಿ ಆಗಿದೆ, ನೀರು ಸೋಸಿ ಆಗಿದೆ, ಒಂದು ತಾಟು ತೊಳೆದು ಆಗಿದೆ. ಬೋರ್ಡಿಂಗಿನಲ್ಲಾದರೆ ಆಗ ಹುಡುಗರ ಗದ್ದಲ, ಪ್ರಾರ್ಥನೆ, ಪಾಠ ಓದುವ ಸದ್ದು. ಇಲ್ಲಿ ಕಟ್ಟೆಯ ಮೇಲೆ ಕುಳಿತು ಕತ್ತಲಾಗುವುದನ್ನು ಕಾಯುವುದಷ್ಟೆ ಉಳಿಯುತ್ತದೆ.

ನಾನು ಅವರಿಂದ ಒಂದು ಮಾರು ದೂರ ಕುಳಿತೆ. ಕರೆಂಟು ಹೋಗಿ ಲಗಮಣ್ಣನ ಬಾವಿಯ ಪಂಪು ನಿಂತಿತು. ಅದು ನಿಂತ ಮೇಲೆ ಬೇವಿನ ಗಿಡದಲ್ಲಿ ಗಾಳಿ ಇರುವುದು ಕೇಳಿಸಿತು. ಎಳೆಯ ಕುಳೆ ಕಬ್ಬು ಮೊಣಕಾಲೆತ್ತರ ಬಂದಿತ್ತು. ಚನ್ನವ್ವನ ಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ದೂರದಲ್ಲಿ ಗಾಡಿ ಕೂಗಿತು. ಅವತ್ತು ಹೊತ್ತು ಮುಳುಗುವುದರೊಳಗೇ ಬಂದಿತ್ತು. ಅಕ್ಕುತಾಯಿಯವರು ಆ ಕಡೆ ತಿರುಗಲಿಲ್ಲ.

"ಉಣ್ಣಾಕ ಹಾಕಿದ್ದ ತಪ್ಪಲ್ರಿ ಮಾಸ್ತರ" ಎಂದರು ತಾವಾಗಿಯೇ. "ಅದಕ್ಕ ನಾ ಒಂದ ದಿನಾನೂ ಮರಗಿಲ್ಲ. ನೇಮ ಮುರದದ್ದು ನಂದು, ಉಪಾಸನೂ ನಂದು. ಅದರ ಕಣ್ಣ ಮುಂದ ಉಪಾಸ ಕುಂತೆ ನೋಡ್ರಿ, ಅದ ತಪ್ಪಾತು. ತಿಂಗಳ ಮುಗಿಯೂತನಕ ತಡದು, ಅದನ್ನ ಊರಿಗಿ ಕಳಿಸಿ ಮಾಡಬಹುದಿತ್ತು. ಮಹಾರಾಜ್ರು ಇವತ್ತ ಚಾಲೂ ಮಾಡ ಅಂತ ಹೇಳಿರಲಿಲ್ಲ. ನನಗ ಅವಸರಾತು. ಪಾಪ ಮೈಮ್ಯಾಲ ಇರಬಾರದಂತ."

"ಚನ್ನವ್ವ ಅನ್ನದಿದ್ರ ಆಕಿಗಿ ಗೊತ್ತಾಗತಿದ್ದಿಲ್ರಿ."

"ಚನ್ನವ್ವ ಖರೆ ಅಂದ್ಲು. ಖರೆ ಅಂದವ್ರ ಮ್ಯಾಲ ಏನ ಸಿಟ್ಟ ಮಾಡೂದು?" ಸೆರಗಿನ ಗಂಟು ಬಿಚ್ಚಿ ಕಾರ್ಡು ತೆಗೆಯುತ್ತ ಅಂದರು, "ಆ ಕೂಸು ತಾನ ಪಾಪ ಅಂತ ತಿಳಕೊಂತು."

ಉತ್ತರ ಬರೆಸಿದರು. ನನಗೆ ನೆನಪಿರುವ ಮಟ್ಟಿಗೆ ಅದು ಹೀಗಿತ್ತು: ನಿನ್ನಿಂದ ಉಪವಾಸ ಬೀಳಲಿಲ್ಲ, ಅದು ನನ್ನ ಲೆಕ್ಕ. ಮುಂಜಾನೆ ಗಾಡಿಗೆ ಬಾ, ಹಗಲಿರುವಾಗ ಬಾ. ಕತ್ತಲಾದ ಮೇಲೆ ಬಂದರೂ ಉಣ್ಣಿಸುತ್ತೇನೆ. ಶ್ಯಾವಿಗೆ ಮಾಡಿದ್ದೇನೆ. "ಕತ್ತಲಾದ ಮೇಲೆ ಬಂದರೂ" ಎಂದು ನಾನು ಬರೆಯುವಾಗ, ನೇಮ ಇನ್ನೂ ಇದೆಯಲ್ಲ ಎಂದು ಕೇಳಿದೆ. "ಐತಿ. ಬರೀರಿ" ಎಂದರು.

ಆ ಬೇಸಿಗೆ ಮಂಗಲ ಬರಲಿಲ್ಲ. ಮೇ ಒಂದರಿಂದ ಮೂವತ್ತರವರೆಗೆ ದಿನಾಲು ಐದಕ್ಕೆ ಎರಡು ತಾಟು ತೊಳೆದಿಟ್ಟಿದ್ದರೆಂದು ಚನ್ನವ್ವ ಹೇಳಿದಳು. ಮುಂದಿನ ಬೇಸಿಗೆ ಅವಳ ಮಲತಾಯಿಯ ಬಾಣಂತನ, ಅದರ ಮುಂದಿನದಕ್ಕೆ ಹತ್ತನೆಯ ತರಗತಿಯ ಟ್ಯೂಷನ್. ಕಾರ್ಡುಗಳು ಬರುತ್ತಿದ್ದವು. ಎಲ್ಲದರ ಕೊನೆಯಲ್ಲೂ ಹೊತ್ತಿಗೆ ಸರಿಯಾಗಿ ಊಟ ಮಾಡು ಎಂಬ ಮಾತು ಇರುತ್ತಿತ್ತು. ಅಕ್ಕುತಾಯಿಯವರು ಎರಡು ಸಲ ತಾವೇ ಹೋಗಿ ನೋಡಿಕೊಂಡು ಬಂದರು. ಬೆಳಗಿನ ಗಾಡಿಗೆ ಹೋಗಿ ಮಧ್ಯಾಹ್ನದ ಗಾಡಿಗೆ ಮರಳಿದರು. ಹುಡುಗಿ ಚೆನ್ನಾಗಿ ಮಾತಾಡಿಸಿದಳಂತೆ, ಕೈ ಹಿಡಿದುಕೊಂಡೇ ಕುಳಿತಿದ್ದಳಂತೆ. ಸೂಟಿಗೆ ಬಾ ಎಂದರೆ ಮಾತ್ರ, "ನೋಡತೇನಿ ಮಾವಶಿ" ಎಂದು ಬೇರೆ ಕಡೆ ನೋಡುತ್ತಿದ್ದಳಂತೆ.

ಮಹಾರಾಜರನ್ನು ಕೇಳಿ ನೇಮದಿಂದ ಬಿಡುಗಡೆ ಪಡೆಯಬಹುದಲ್ಲ ಎಂದು ನಾನು ಒಮ್ಮೆ ಹೇಳಿದ್ದುಂಟು. "ಬಿಟ್ಟೆ ಅಂತ ಇಟಗೋರಿ" ಎಂದರು. "ನನ್ನ ಸಲವಾಗಿ ನೇಮಾನೂ ಬಿಟ್ಲು ಅಂತ ಅದರ ತಲ್ಯಾಗ ಹೊಕ್ಕರ? ಆಮ್ಯಾಲ ಆ ಕಾರ್ಡನೂ ಬರೂದಿಲ್ಲ."

1997ರಲ್ಲಿ ಮಂಗಲಳ ಲಗ್ನ ಕೊಲ್ಹಾಪುರದ ಕಡೆ ಆಯಿತು. ಎರಡು ವರ್ಷದ ಮೇಲೆ, ಅಂದರೆ ಈ ವರ್ಷದ ಮೇ ಎರಡನೆಯ ವಾರ, ಮುಂಚಿತವಾಗಿ ತಿಳಿಸದೆ ಬಂದಳು. ಬೆಳಿಗ್ಗೆ ಹತ್ತು ಗಂಟೆ. ಗಂಡ ಜೊತೆಗಿದ್ದ, ಕಂಕುಳಲ್ಲಿ ಆರು ತಿಂಗಳ ಹೆಣ್ಣು ಕೂಸು. ಲಗಮಣ್ಣ ನನಗೆ ಹೇಳಿಕಳಿಸಿದ, ನಾನೂ ಹೋದೆ. ಅಕ್ಕುತಾಯಿಯವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದರು. ಮಂಗಲ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಮಧ್ಯಾಹ್ನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಂಡೆವು. ಮಂಗಲ ಎರಡು ಸಲ ಶೀಕರಣಿ ಹಾಕಿಸಿಕೊಂಡಳು. ಅಕ್ಕುತಾಯಿಯವರು ಇವತ್ತು ನಾಳೆ ಎರಡು ದಿನ ಇದ್ದು ಹೋಗಿ ಎಂದು ಅಳಿಯನಿಗೆ ಹೇಳಿದರು. ಅವನು ಹೆಂಡತಿಯ ಮುಖ ನೋಡಿದ.

ಮೂರು ಗಂಟೆಗೆ ಮಂಗಲ ಚೀಲ ಕಟ್ಟಿದಳು.

"ಇದ್ದ ಹೋಗ ನನ್ನ ಕೂಸ. ಐದಕ್ಕ ಊಟ ಮಾಡೂನು. ಹೊತ್ತ ಭಾಳ ಐತಿ."

"ಕೂಸು ರಾತ್ರಿ ಹಾಲಿಗಿ ಏಳತೈತಿ ಮಾವಶಿ. ಬಿಸಿ ನೀರ ಬೇಕು, ಹಾಲ ಕಾಸಬೇಕು. ನಿನಗ್ಯಾಕ ತ್ರಾಸು."

"ನನಗೇನ ತ್ರಾಸಬೇ."

ಮಂಗಲ ಬಗ್ಗಿ ಅವರ ಕಾಲು ಮುಟ್ಟಿದಳು. ಕೂಸನ್ನೂ ಬಗ್ಗಿಸಿ ಮುಟ್ಟಿಸಿದಳು. ನಾಲ್ಕರ ಬಸ್ಸಿಗೆ ಹೋದರು. ಐದೂವರೆಗೆ ಅಕ್ಕುತಾಯಿಯವರು ಮಧ್ಯಾಹ್ನದ ರೊಟ್ಟಿ ಒಂದನ್ನು ಮಜ್ಜಿಗೆಯಲ್ಲಿ ಕಲಸಿ ಉಂಡರು. ನನಗೂ ಬಡಿಸಲು ಬಂದರು. ನಾನು ಬೇಡವೆನ್ನಲಿಲ್ಲ.

ಅಕ್ಕುತಾಯಿಯವರು ಈಗಲೂ ಬೋರ್ಡಿಂಗಿನಲ್ಲಿ ಅಡುಗೆ ಮಾಡುತ್ತಾರೆ. ಹುಡುಗರು ಈಗ ಎಂಬತ್ತು ಮಂದಿ. ಏಪ್ರಿಲ್ ಹತ್ತಕ್ಕೆ ತೋಟದ ಮನೆಗೆ ಬರುತ್ತಾರೆ, ಮೇ ಮೂವತ್ತಕ್ಕೆ ಬೀಗ ಹಾಕಿ ಊರೊಳಗೆ ಹೋಗುತ್ತಾರೆ.